ಮಾಹಿತಿಪತ್ರ ಕೊಡದೆಯೂ ಫಂಡ್ ಮಾರಬಹುದೇ?

2016ರ ಮೇ 30ರಂದು ಕೆನಡಾದಲ್ಲಿ ಮ್ಯೂಚುವಲ್ ಫಂಡ್ ಮಾರುವವರ ಕೆಲಸದ ಕ್ರಮ ತಿರುವುಮುರುವಾಯಿತು. ಅಲ್ಲಿಯವರೆಗೆ ಗ್ರಾಹಕರು ‘ಸರಿ, ಕೊಳ್ಳುತ್ತೇನೆ’ ಅಂದ ಮೇಲೆ ಎರಡು ಕೆಲಸದ ದಿನಗಳೊಳಗೆ ಫಂಡಿನ ವಿವರ ಕಳುಹಿಸಿದರೆ ಕಾನೂನಿಗೆ ಸಾಕಾಗಿತ್ತು. ಆ ದಿನದಿಂದ ಮೊದಲು ಕಾಗದ, ಆಮೇಲೆ ಖರೀದಿ. ‘ಫಂಡ್ ಫ್ಯಾಕ್ಟ್ಸ್’ ಎಂಬ ನಾಲ್ಕು ಪುಟ ಮೀರದ ಮಾಹಿತಿಪತ್ರ ತಲುಪುವ ತನಕ ಡೀಲರ್ ಗ್ರಾಹಕರ ಖರೀದಿ ಆದೇಶವನ್ನು ಸ್ವೀಕರಿಸುವಂತಿಲ್ಲ.

ನಿಯಮ ಇಷ್ಟು ಸರಳ. ಆದರೆ ಈ ಪತ್ರ ಕೊಡದಿದ್ದರೂ ತಪ್ಪಲ್ಲ ಎನ್ನುವ ಸಂದರ್ಭಗಳನ್ನೂ ಅದೇ ನಿಯಮಾವಳಿ ಒಂದೊಂದಾಗಿ ಹೆಸರಿಸುತ್ತದೆ. ಅವು ಸಾಲದೆ ಬಂದಾಗ ಕಂಪನಿಗಳು ನಿಯಂತ್ರಕರಿಗೆ ಅರ್ಜಿ ಹಾಕಿ ಬೇರೆ ವಿನಾಯಿತಿ ಪಡೆದಿವೆ.

ಇಂಥ ಸುದ್ದಿ ಕೇಳಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಹೂಡಿಕೆದಾರರ ರಕ್ಷಣೆಗೆಂದು ಮಾಡಿದ ನಿಯಮವನ್ನು ಕಂಪನಿಗಳ ಅನುಕೂಲಕ್ಕೆ ಸಡಿಲಿಸುವುದೆಂದರೆ ಏನು? ಅನುಮಾನ ಸಹಜವೇ. ಆದರೂ ಕೆನಡಾದ ವಿನಾಯಿತಿಗಳನ್ನು ಹತ್ತಿರದಿಂದ ನೋಡಿದರೆ, ಅವುಗಳ ಹಿಂದೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಕಾಣುತ್ತದೆ: ದುಡ್ಡು ಎಲ್ಲಿಗೆ ಹೋಗಬೇಕೆಂದು ಈ ಹೊತ್ತಿನಲ್ಲಿ ತೀರ್ಮಾನಿಸುತ್ತಿರುವವರು ಯಾರು? ಹೂಡಿಕೆದಾರರೇ ತೀರ್ಮಾನಿಸುತ್ತಿದ್ದರೆ ಪತ್ರ ಅವರ ಕೈಯಲ್ಲಿರಬೇಕು. ಅವರು ಆಗಲೇ ತೀರ್ಮಾನಿಸಿ ಆಗಿದ್ದರೆ, ಇಲ್ಲವೇ ತೀರ್ಮಾನವನ್ನು ಬೇರೆಯವರಿಗೆ ಒಪ್ಪಿಸಿದ್ದರೆ, ಮತ್ತೆ ಅದೇ ಪತ್ರ ಕಳುಹಿಸುವುದರಿಂದ ಯಾರಿಗೂ ಉಪಯೋಗವಿಲ್ಲ. ಒಳ್ಳೆಯ ವಿನಾಯಿತಿಗೂ ಕೆಟ್ಟ ವಿನಾಯಿತಿಗೂ ಇರುವ ಗೆರೆ ಇದು. ಭಾರತದಲ್ಲೂ ಈ ಗೆರೆ ಎಲ್ಲಿದೆ ಎಂದು ಕೇಳಿಕೊಳ್ಳುವ ಹೊತ್ತು ಬಂದಿದೆ.

ನಾಲ್ಕು ಪುಟಕ್ಕೆ ಇಳಿಯಲು ಹದಿನಾರು ವರ್ಷ

ಕೆನಡಾದಲ್ಲಿ ಷೇರು ಮತ್ತು ಫಂಡ್‌ಗಳ ಮೇಲ್ವಿಚಾರಣೆಗೆ ಭಾರತದ ಸೆಬಿಯಂಥ ಒಂದೇ ರಾಷ್ಟ್ರೀಯ ಸಂಸ್ಥೆಯಿಲ್ಲ. ಹತ್ತು ಪ್ರಾಂತ್ಯ, ಮೂರು ಪ್ರದೇಶಗಳಿಗೆ ಪ್ರತ್ಯೇಕ ನಿಯಂತ್ರಕರಿದ್ದಾರೆ. ಅವರೆಲ್ಲ ಒಂದು ಒಕ್ಕೂಟದಡಿ ಕೂತು ಸಮಾನ ನಿಯಮ ರೂಪಿಸುತ್ತಾರೆ. ಮ್ಯೂಚುವಲ್ ಫಂಡ್‌ಗಳ ಮಾಹಿತಿಗೆ ಸಂಬಂಧಿಸಿದ ‘ರಾಷ್ಟ್ರೀಯ ನಿಯಮ 81-101’ ಹೀಗೆಯೇ 2000ದಲ್ಲಿ ಜಾರಿಗೆ ಬಂತು. ಸರಳ ಪ್ರಾಸ್ಪೆಕ್ಟಸ್ ಎಂಬ ದಾಖಲೆಗೆ ಅದು ರೂಪ ಕೊಟ್ಟಿತು. ಹೆಸರಿನಲ್ಲಿ ಸರಳವಿದ್ದರೂ ಅದು ದಪ್ಪ ದಾಖಲೆ. ಒಂದೇ ಸಂಪುಟದಲ್ಲಿ ಒಂದು ಕಂಪನಿಯ ಹಲವು ಫಂಡ್‌ಗಳು ಇರುತ್ತಿದ್ದವು. ಸಾಲದ್ದಕ್ಕೆ ಅದು ತಲುಪುತ್ತಿದ್ದುದು ಖರೀದಿ ಮುಗಿದ ಮೇಲೆ.

ಪಿಂಚಣಿ, ವಿಮೆ, ಷೇರುಪೇಟೆಗಳ ನಿಯಂತ್ರಕರ ಜಂಟಿ ವೇದಿಕೆಯೊಂದು 2008ರ ಅಕ್ಟೋಬರ್‌ನಲ್ಲಿ ಹೊಸ ಚೌಕಟ್ಟು ಪ್ರಕಟಿಸಿತು. ಮಾರಾಟದ ಹೊತ್ತಿನಲ್ಲೇ, ಓದಲು ಆಗುವಷ್ಟು ಚಿಕ್ಕದಾದ ಪತ್ರ ಕೊಡಬೇಕು ಎಂಬುದು ಅದರ ತಿರುಳು. ಉದ್ಯಮ ಒಮ್ಮೆಲೇ ಇದಕ್ಕೆ ಸಿದ್ಧವಿರಲಿಲ್ಲ. ಹಾಗಾಗಿ ಮೂರು ಹೆಜ್ಜೆಗಳಾದವು. 2011ರಿಂದ ಫಂಡ್ ಫ್ಯಾಕ್ಟ್ಸ್ ಸಿದ್ಧಪಡಿಸಿ ನಿಯಂತ್ರಕರಿಗೆ ಸಲ್ಲಿಸಿ ವೆಬ್‌ಸೈಟಿನಲ್ಲಿ ಹಾಕುವುದು ಕಡ್ಡಾಯವಾಯಿತು. 2014ರ ಜೂನ್ 13ರಿಂದ, ಖರೀದಿಯ ನಂತರ ಪ್ರಾಸ್ಪೆಕ್ಟಸ್ ಬದಲು ಇದೇ ಪತ್ರ ತಲುಪಿಸುವ ಪದ್ಧತಿ ಬಂತು. 2016ರ ಮೇ ತಿಂಗಳಲ್ಲಿ ಕೊನೆಯ ಹೆಜ್ಜೆ: ಖರೀದಿಗೆ ಮೊದಲೇ ಪತ್ರ.

ಆ ಪತ್ರದಲ್ಲಿ ಏನಿದೆ? ಫಂಡು ಯಾವುದರಲ್ಲಿ ಹಣ ತೊಡಗಿಸುತ್ತದೆ, ಅದರ ಹತ್ತು ದೊಡ್ಡ ಹೂಡಿಕೆಗಳು ಯಾವುವು, ಅಪಾಯದ ಮಟ್ಟ ಎಷ್ಟು, ವರ್ಷವರ್ಷದ ಗಳಿಕೆ ಹೇಗಿದೆ, ಅತ್ಯಂತ ಕೆಟ್ಟ ಮೂರು ತಿಂಗಳಲ್ಲಿ ಎಷ್ಟು ಕಳೆದುಕೊಂಡಿತು, ಪ್ರತಿ ಸಾವಿರ ಡಾಲರಿಗೆ ವರ್ಷಕ್ಕೆ ಖರ್ಚೆಷ್ಟು, ಮಾರಿದವರಿಗೆ ಸಿಗುವ ಕಮಿಷನ್ ಎಷ್ಟು. ಅಪಾಯದ ಮಟ್ಟಕ್ಕೆ ಐದು ಮೆಟ್ಟಿಲುಗಳಿವೆ. ಅವನ್ನು ಕಂಪನಿ ತನಗೆ ತೋಚಿದಂತೆ ಆರಿಸಿಕೊಳ್ಳುವಂತಿಲ್ಲ. ಹತ್ತು ವರ್ಷಗಳ ಗಳಿಕೆ ಎಷ್ಟು ಏರಿಳಿಯಿತು ಎಂಬ ಲೆಕ್ಕದಿಂದಲೇ ನಿರ್ಧರಿಸಬೇಕು ಎಂದು 2017ರಲ್ಲಿ ನಿಯಮವಾಯಿತು.

ಭಾಷೆಯ ಬಗ್ಗೆಯೂ ನಿಯಂತ್ರಕರು ಅಷ್ಟೇ ಕಟ್ಟುನಿಟ್ಟು. ಆರನೆಯ ತರಗತಿಯ ಓದಿನ ಮಟ್ಟ ಮೀರದಿದ್ದರೆ ಪತ್ರ ಸರಳ ಭಾಷೆಯಲ್ಲಿದೆ ಎಂದು ಪರಿಗಣಿಸುವುದಾಗಿ ನಿಯಮದ ಜೊತೆಗಿನ ವಿವರಣೆ ಹೇಳುತ್ತದೆ. ಕ್ವಿಬೆಕ್ ಪ್ರಾಂತ್ಯದ ಷೇರು ಕಾನೂನಿನ ಪ್ರಕಾರ ಪ್ರಾಸ್ಪೆಕ್ಟಸ್ ಫ್ರೆಂಚಿನಲ್ಲಿ, ಇಲ್ಲವೇ ಫ್ರೆಂಚ್ ಮತ್ತು ಇಂಗ್ಲಿಷ್ ಎರಡರಲ್ಲೂ ಇರಬೇಕು. ಬರಿಯ ಇಂಗ್ಲಿಷ್ ನಡೆಯುವುದಿಲ್ಲ.

ಪತ್ರದ ಕೊನೆಗೆ ಇನ್ನೊಂದು ಮುಖ್ಯ ಭಾಗವಿದೆ: ಮನಸ್ಸು ಬದಲಾದರೆ ಏನು ಮಾಡಬಹುದು? ಹಲವು ಪ್ರಾಂತ್ಯಗಳ ಕಾನೂನಿನಂತೆ, ಪತ್ರ ಕೈಸೇರಿದ ಎರಡು ಕೆಲಸದ ದಿನಗಳೊಳಗೆ ಖರೀದಿಯಿಂದ ಹಿಂದೆ ಸರಿಯಬಹುದು. ಖರೀದಿ ಖಚಿತವಾಯಿತೆಂಬ ಸೂಚನೆ ಬಂದ 48 ಗಂಟೆಯೊಳಗೆ ರದ್ದು ಮಾಡಬಹುದು. ಪತ್ರದಲ್ಲಿ ಸುಳ್ಳು ಅಥವಾ ದಾರಿತಪ್ಪಿಸುವ ಮಾಹಿತಿ ಇದ್ದರೆ ಕೋರ್ಟಿಗೆ ಹೋಗಬಹುದು. ಪತ್ರ ಕೊಡುವ ಕ್ಷಣಕ್ಕೆ ಈ ಹಕ್ಕುಗಳೆಲ್ಲ ಗಂಟುಬಿದ್ದಿರುವುದರಿಂದಲೇ, ಅದನ್ನು ಕೊಡದೆ ಇರುವುದಕ್ಕೆ ಅನುಮತಿ ನೀಡುವಾಗ ನಿಯಂತ್ರಕರು ಅಳೆದು ತೂಗಬೇಕಾಗುತ್ತದೆ.

ಎಲ್ಲೆಲ್ಲಿ ಬಿಡುಗಡೆ

ಮೊದಲನೆಯ ವಿನಾಯಿತಿ ಯಾರಾದರೂ ಒಪ್ಪುವಂಥದ್ದು. ಫಂಡಿನ ಇತ್ತೀಚಿನ ಪತ್ರ ಗ್ರಾಹಕರಿಗೆ ಆಗಲೇ ಸಿಕ್ಕಿದ್ದು, ಅದೇ ಫಂಡಿಗೆ ಅವರು ಇನ್ನಷ್ಟು ಹಣ ಹಾಕುತ್ತಿದ್ದರೆ ಮತ್ತೊಂದು ಪ್ರತಿ ಬೇಕಿಲ್ಲ. ಪತ್ರ ಪರಿಷ್ಕೃತವಾಗಿದ್ದರೆ ಮಾತ್ರ ಹೊಸದನ್ನು ಕೊಡಬೇಕು.

ಎರಡನೆಯದು ತುರ್ತಿನ ಸಂದರ್ಭ. ಗ್ರಾಹಕರು ಫೋನ್ ಮಾಡಿ ಈಗಲೇ, ಅಥವಾ ಇಂಥ ಹೊತ್ತಿನೊಳಗೆ, ಖರೀದಿ ಆಗಬೇಕು ಎಂದರೆ, ಅಷ್ಟರಲ್ಲಿ ಪತ್ರ ತಲುಪಿಸುವುದು ಅಸಾಧ್ಯವಾಗಿದ್ದರೆ, ಆಮೇಲೆ ಕೊಡಬಹುದು. ಇದಕ್ಕೆ ಹಾಕಿರುವ ಷರತ್ತುಗಳನ್ನು ನೋಡಬೇಕು. ಅವಸರ ಗ್ರಾಹಕರದೇ ಆಗಿರಬೇಕು, ಮಾರುವವರದಲ್ಲ. ಇಂಥದೊಂದು ಪತ್ರವಿದೆ, ಅದನ್ನು ಮೊದಲೇ ಕೊಡುವುದು ತಮ್ಮ ಕರ್ತವ್ಯ ಎಂದು ಡೀಲರ್ ತಾನಾಗಿ ತಿಳಿಸಬೇಕು. ನಂತರ ಪಡೆಯಲು ಗ್ರಾಹಕರು ಒಪ್ಪಬೇಕು. ಫಂಡಿನ ಸ್ವರೂಪ, ಅಪಾಯದ ಮಟ್ಟ, ಅದು ಯಾರಿಗೆ ತಕ್ಕದ್ದು, ಖರ್ಚು, ಹಿಂದೆ ಸರಿಯುವ ಹಕ್ಕು, ಇವಿಷ್ಟನ್ನೂ ಆದೇಶ ಪಡೆಯುವ ಮೊದಲು ಬಾಯಲ್ಲಿ ಹೇಳಬೇಕು. ಎರಡನೆಯ ಕೆಲಸದ ದಿನದ ಮಧ್ಯರಾತ್ರಿಯೊಳಗೆ ಪತ್ರ ಕೊಟ್ಟು ಮುಗಿಸಬೇಕು. ಅಂದರೆ ಇಲ್ಲಿ ಕಾಗದಕ್ಕೆ ವಿಳಂಬದ ಅನುಮತಿ ಇದೆಯೇ ಹೊರತು ಮಾಹಿತಿಗೆ ಇಲ್ಲ.

ಮೂರನೆಯದು ಭಾರತೀಯರಿಗೆ ಚೆನ್ನಾಗಿ ಪರಿಚಯವಿರುವ ಕಡೆ ಬರುತ್ತದೆ. ಇಲ್ಲಿ ಎಸ್‌ಐಪಿ ಎನ್ನುವ ಕಂತಿನ ಹೂಡಿಕೆಗೆ ಅಲ್ಲಿ ಪೂರ್ವಾನುಮತಿ ಖರೀದಿ ಯೋಜನೆ ಎನ್ನುತ್ತಾರೆ. ತಿಂಗಳು ತಿಂಗಳು ಬ್ಯಾಂಕ್ ಖಾತೆಯಿಂದ ಇನ್ನೂರೋ ಮುನ್ನೂರೋ ಡಾಲರ್ ತಾನಾಗಿ ಫಂಡಿಗೆ ಹೋಗುತ್ತದೆ. ಕಾನೂನಿನ ಕಣ್ಣಲ್ಲಿ ಪ್ರತಿ ಕಂತೂ ಒಂದು ಹೊಸ ಖರೀದಿ. ಫಂಡ್ ಫ್ಯಾಕ್ಟ್ಸ್ ಪರಿಷ್ಕೃತವಾದಾಗಲೆಲ್ಲ ಮುಂದಿನ ಕಂತಿಗೆ ಮೊದಲು ಅದನ್ನು ಪ್ರತಿಯೊಬ್ಬರಿಗೂ ತಲುಪಿಸಿ ಎಂದರೆ, ಅದು ಬಂದು ತಲುಪುವ ಹೊತ್ತಿಗೆ ಹೂಡಿಕೆದಾರರು ಯಾವ ತೀರ್ಮಾನವನ್ನೂ ಮಾಡುತ್ತಿರುವುದಿಲ್ಲ. ಅವರು ಯೋಜನೆ ಆರಂಭಿಸಿದ ದಿನವೇ ತೀರ್ಮಾನಿಸಿದ್ದಾರೆ. ಹಾಗಾಗಿ ಮೊದಲ ಕಂತಿಗೆ ಪತ್ರ ಕಡ್ಡಾಯ, ಮುಂದಿನವಕ್ಕೆ ಬೇಡ.

ಬದಲಿಗೆ ಒಂದು ಸೂಚನೆ ಹೋಗಬೇಕು. ಪತ್ರ ಬೇಕೆಂದರೆ ಹೇಗೆ ಕೇಳಬೇಕು, ವೆಬ್‌ಸೈಟಿನಲ್ಲಿ ಎಲ್ಲಿ ಸಿಗುತ್ತದೆ, ಯೋಜನೆಯನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು, ಮುಂದಿನ ಕಂತುಗಳಿಗೆ ಎರಡು ದಿನದೊಳಗೆ ಹಿಂದೆ ಸರಿಯುವ ಹಕ್ಕು ಇರುವುದಿಲ್ಲ, ಆದರೆ ತಪ್ಪು ಮಾಹಿತಿಗೆ ದಾವೆ ಹೂಡುವ ಹಕ್ಕು ಉಳಿಯುತ್ತದೆ ಎಂದು ಅದರಲ್ಲಿ ಬರೆದಿರಬೇಕು. ಆ ನೆನಪಿನ ಸೂಚನೆ ವರ್ಷಕ್ಕೊಮ್ಮೆ ಮರಳಿ ಬರಬೇಕು. ಹೂಡಿಕೆದಾರರು ಏನನ್ನು ಕಳೆದುಕೊಳ್ಳುತ್ತಿದ್ದಾರೆ ಎಂಬುದನ್ನು ಅವರಿಗೇ ಬರೆದು ತಿಳಿಸುವ ಈ ಪ್ರಾಮಾಣಿಕತೆ ಮೆಚ್ಚಬೇಕಾದದ್ದು.

ನಾಲ್ಕನೆಯದು, ತೀರ್ಮಾನ ಬೇರೆಯವರ ಕೈಗೆ ಹೋಗಿರುವ ಖಾತೆಗಳು. ಗ್ರಾಹಕರು ತಮ್ಮ ಹಣದ ಪೂರ್ತಿ ನಿರ್ವಹಣೆಯನ್ನು ನೋಂದಾಯಿತ ಸಲಹೆಗಾರರಿಗೆ ಬರಹದಲ್ಲಿ ಒಪ್ಪಿಸಿದ್ದರೆ, ಯಾವ ಫಂಡ್ ಕೊಳ್ಳಬೇಕೆಂದು ಆರಿಸುವವರು ಆ ಸಲಹೆಗಾರರು. ಗ್ರಾಹಕರಿಗೆ ಖರೀದಿಗೆ ಮೊದಲು ಪತ್ರ ಕಳುಹಿಸಿದರೂ ಅವರು ಮಾಡಬೇಕಾದ್ದು ಏನೂ ಇರುವುದಿಲ್ಲ. ಬ್ಯಾಂಕ್, ಪಿಂಚಣಿ ನಿಧಿಗಳಂಥ ದೊಡ್ಡ ಹೂಡಿಕೆದಾರರಿಗೂ ಇದೇ ಬಗೆಯ ವಿನಾಯಿತಿ ಇದೆ. ಅವರ ಬಳಿ ತಮ್ಮದೇ ತಜ್ಞರಿರುತ್ತಾರೆ.

ಕಡಿಮೆ ಶುಲ್ಕಕ್ಕೆ ದಾಟಲು ಅಡ್ಡಿಯಾದ ಕಾಗದ

ಎಲ್ಲಕ್ಕಿಂತ ಕುತೂಹಲದ ವಿನಾಯಿತಿ ಹುಟ್ಟಿದ್ದು ಒಂದು ಒಳ್ಳೆಯ ಪದ್ಧತಿಯಿಂದ. ಕೆನಡಾದ ಹಲವು ಕಂಪನಿಗಳು ಒಂದೇ ಫಂಡಿನಲ್ಲಿ ಬೇರೆಬೇರೆ ಶುಲ್ಕದ ಸರಣಿಗಳನ್ನು ಇಡುತ್ತವೆ. ಹಣ ಹೆಚ್ಚಿದ್ದವರಿಗೆ ನಿರ್ವಹಣಾ ಶುಲ್ಕ ಕಡಿಮೆ. ಮಿತಿ ಒಂದು ಲಕ್ಷ ಡಾಲರ್ ಎಂದುಕೊಳ್ಳೋಣ. ಹೂಡಿಕೆ ಬೆಳೆದು ಆ ಮಿತಿ ದಾಟಿದ ಗ್ರಾಹಕರನ್ನು ಕಂಪನಿ ತಾನಾಗಿ ಕಡಿಮೆ ಶುಲ್ಕದ ಸರಣಿಗೆ ವರ್ಗಾಯಿಸುತ್ತದೆ. ಗ್ರಾಹಕರು ಅರ್ಜಿ ಹಾಕಬೇಕಿಲ್ಲ, ನೆನಪಿಟ್ಟುಕೊಳ್ಳಬೇಕಿಲ್ಲ.

ಆದರೆ ಕಾನೂನಿನ ಅರ್ಥದಲ್ಲಿ ಈ ವರ್ಗಾವಣೆಯೂ ಒಂದು ಖರೀದಿ. ಹಳೆಯ ಸರಣಿಯ ಯೂನಿಟ್‌ಗಳನ್ನು ಹಿಂತಿರುಗಿಸಿ ಹೊಸ ಸರಣಿಯ ಯೂನಿಟ್‌ಗಳನ್ನು ಕೊಂಡಂತೆ. ಹಾಗಾದರೆ ಹೊಸ ಸರಣಿಯ ಫಂಡ್ ಫ್ಯಾಕ್ಟ್ಸನ್ನು ಮೊದಲೇ ತಲುಪಿಸಬೇಕು. ಹಾಗೆ ತಲುಪಿಸುವ ಗೋಜಿಗೆ ಬಿದ್ದರೆ ಈ ತಾನಾಗಿ ನಡೆಯುವ ವ್ಯವಸ್ಥೆಯೇ ನಿಂತುಹೋಗುತ್ತದೆ. ರಕ್ಷಣೆಗೆಂದು ಬಂದ ಕಾಗದ, ಹೂಡಿಕೆದಾರರಿಗೆ ಉಳಿಯಬೇಕಾದ ಹಣಕ್ಕೇ ಅಡ್ಡ ಬಂತು.

ಕಂಪನಿಗಳು ನಿಯಂತ್ರಕರ ಮುಂದೆ ಅರ್ಜಿ ಹಾಕಿದವು. ಅಲ್ಲಿ ಇದಕ್ಕೆ ಸಿದ್ಧ ದಾರಿಯಿದೆ: ಕಂಪನಿ ತನ್ನ ಮುಖ್ಯ ನಿಯಂತ್ರಕರ ಮುಂದೆ, ಉದಾಹರಣೆಗೆ ಒಂಟಾರಿಯೊದ ಆಯೋಗದ ಮುಂದೆ, ಸಂಗತಿಗಳನ್ನೆಲ್ಲ ಬರೆದು ಒಪ್ಪಿಸುತ್ತದೆ. ಆಯೋಗ ಪರಿಶೀಲಿಸಿ ಷರತ್ತುಗಳೊಂದಿಗೆ ಆದೇಶ ಕೊಡುತ್ತದೆ. ಆದೇಶ ಕಂಪನಿಯ ಹೆಸರಿನ ಸಹಿತ ಸಾರ್ವಜನಿಕವಾಗಿ ಪ್ರಕಟವಾಗುತ್ತದೆ. ಒಂದು ಪ್ರಾಂತ್ಯದ ಆದೇಶವನ್ನು ಉಳಿದವು ಮನ್ನಿಸುವ ಏರ್ಪಾಡೂ ಇದೆ. ಏನನ್ನು ಕೇಳಿದರು, ಯಾಕೆ ಕೊಟ್ಟರು, ಯಾವ ಷರತ್ತು ಹಾಕಿದರು ಎಂಬುದನ್ನು ಆಸಕ್ತಿ ಇರುವ ಯಾರು ಬೇಕಾದರೂ ಓದಬಹುದು.

ಸರಣಿ ಬದಲಾವಣೆಯ ಅರ್ಜಿಗಳು ಒಂದಾದ ಮೇಲೊಂದು ಬಂದವು. ಮಾದರಿ ಬಂಡವಾಳ ಪಟ್ಟಿಯನ್ನು ಆರಿಸಿಕೊಂಡ ಗ್ರಾಹಕರ ಹಣವನ್ನು ಆಗಾಗ ಮೂಲ ಅನುಪಾತಕ್ಕೆ ಸರಿದೂಗಿಸುವ ಖರೀದಿಗಳಿಗೂ ಇದೇ ತೊಡಕು ಎದುರಾಗಿ, ಅವಕ್ಕೂ ಕಂಪನಿಗಳು ವಿನಾಯಿತಿ ಕೇಳಿದವು. ಒಂದೇ ಬಗೆಯ ಆದೇಶವನ್ನು ಮತ್ತೆ ಮತ್ತೆ ಬರೆಯುವುದರಲ್ಲಿ ಅರ್ಥವಿಲ್ಲವೆಂದು ಕಂಡ ನಿಯಂತ್ರಕರು ಈ ವಿನಾಯಿತಿಗಳನ್ನು ನಿಯಮದೊಳಗೇ ಸೇರಿಸಿದರು. 2021ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಆ ತಿದ್ದುಪಡಿಗಳು 2022ರ ಜನವರಿಯಲ್ಲಿ ಜಾರಿಗೆ ಬಂದವು. ಅಂದಿನಿಂದ ಈ ವ್ಯವಸ್ಥೆಗಳಿಗೆ ಪ್ರತ್ಯೇಕ ಅರ್ಜಿಯ ಅಗತ್ಯವಿಲ್ಲ. ಷರತ್ತು ಪಾಲಿಸಿದರೆ ಸಾಕು. ಮೊದಲ ಖರೀದಿಯಲ್ಲಿ ಪತ್ರ ಕೊಡಬೇಕೆಂಬುದು ಮಾತ್ರ ಇಲ್ಲೂ ತಪ್ಪುವುದಿಲ್ಲ.

ವಿನಾಯಿತಿ ಎಂದರೆ ಮಾಹಿತಿ ಕಡಿಮೆಯಾಗುವುದು ಎಂದೇ ಭಾವಿಸಬೇಕಾಗಿಲ್ಲ ಎನ್ನುವುದಕ್ಕೆ ಇಟಿಎಫ್‌ಗಳ, ಅಂದರೆ ಷೇರಿನಂತೆ ವಿನಿಮಯ ಕೇಂದ್ರದಲ್ಲಿ ಕೊಂಡು ಮಾರುವ ಫಂಡ್‌ಗಳ, ಕಥೆ ಸಾಕ್ಷಿ. ಷೇರು ವಿನಿಮಯ ಕೇಂದ್ರದಲ್ಲಿ ಇಟಿಎಫ್ ಕೊಂಡಾಗ, ಸಿಕ್ಕಿದ್ದು ಹೊಸದಾಗಿ ಸೃಷ್ಟಿಯಾದ ಯೂನಿಟ್ಟೋ ಬೇರೊಬ್ಬರು ಮಾರಿದ ಹಳೆಯ ಯೂನಿಟ್ಟೋ ತಿಳಿಯುವುದಿಲ್ಲ. ಪ್ರಾಸ್ಪೆಕ್ಟಸ್ ತಲುಪಿಸುವ ಹೊಣೆ ಇದ್ದದ್ದು ಹೊಸ ಯೂನಿಟ್‌ಗಳಿಗೆ ಮಾತ್ರ. ಇದರಿಂದಾಗಿ ಎಷ್ಟೋ ಕೊಳ್ಳುಗರಿಗೆ ಏನೂ ಸಿಗುತ್ತಿರಲಿಲ್ಲ. 2013ರ ಸುಮಾರಿಗೆ ನಿಯಂತ್ರಕರು ಪ್ರಾಸ್ಪೆಕ್ಟಸ್‌ನಿಂದ ವಿನಾಯಿತಿ ಕೊಟ್ಟರು. ಬದಲಿಗೆ ಚಿಕ್ಕ ಸಾರಾಂಶವೊಂದನ್ನು ಯೂನಿಟ್ ಹೊಸದೋ ಹಳೆಯದೋ ನೋಡದೆ ಕೊಂಡವರಿಗೆಲ್ಲ ಕೊಡಬೇಕೆಂದರು. 2018ರ ಡಿಸೆಂಬರ್ 10ರಿಂದ ಅದೇ ‘ಇಟಿಎಫ್ ಫ್ಯಾಕ್ಟ್ಸ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಅನ್ವಯಿಸುವ ನಿಯಮವಾಯಿತು. ವಿನಾಯಿತಿಯಿಂದ ಹೊರಟು, ಮೊದಲಿಗಿಂತ ಹೆಚ್ಚು ಜನರಿಗೆ ಮಾಹಿತಿ ತಲುಪುವ ಕಡೆಗೆ ಬಂದ ಅಪರೂಪದ ದಾರಿ ಇದು.

ಅಮೆರಿಕ ಹಿಂದಿಟ್ಟ ಹೆಜ್ಜೆ

ಗಡಿಯಾಚೆ ಅಮೆರಿಕದಲ್ಲಿ ನಡೆದದ್ದು ಬೇರೆಯೇ. ಅಲ್ಲಿ ಚರ್ಚೆಯಾದದ್ದು ಫಂಡ್ ಕೊಂಡ ಮೇಲೆ ಆರು ತಿಂಗಳಿಗೊಮ್ಮೆ ಬರುವ ವರದಿಯ ಬಗ್ಗೆ. 1940ರ ಹೂಡಿಕೆ ಕಂಪನಿ ಕಾಯ್ದೆಯ ಕಾಲದಿಂದ ಆ ವರದಿಯನ್ನು ಯೂನಿಟ್‌ದಾರರಿಗೆ ತಲುಪಿಸುವುದು ಕಡ್ಡಾಯ. ಎಷ್ಟೋ ವೇಳೆ ನೂರು ಪುಟ ದಾಟುತ್ತಿದ್ದ ಆ ವರದಿಯ ಮುದ್ರಣ ಮತ್ತು ಅಂಚೆಯ ಖರ್ಚು ಫಂಡಿನಿಂದಲೇ, ಅಂದರೆ ಹೂಡಿಕೆದಾರರ ಜೇಬಿನಿಂದಲೇ ಹೋಗುತ್ತಿತ್ತು.

2015ರಲ್ಲಿ ಅಮೆರಿಕದ ಷೇರು ಆಯೋಗ ‘30ಇ-3’ ಎಂಬ ನಿಯಮವನ್ನು ಪ್ರಸ್ತಾಪಿಸಿತು. ವರದಿಯನ್ನು ವೆಬ್‌ಸೈಟಿನಲ್ಲಿ ಹಾಕಿ, ಅದರ ವಿಳಾಸವಿರುವ ಚಿಕ್ಕ ಸೂಚನೆಯನ್ನಷ್ಟೇ ಅಂಚೆಯಲ್ಲಿ ಕಳುಹಿಸಿದರೆ ಸಾಕು. ಕಾಗದ ಬೇಕೆಂದವರು ಕೇಳಿದರೆ ಉಚಿತ. ಕಾಗದ ಉದ್ಯಮ ವಿರೋಧಿಸಿತು. 2016ರಲ್ಲಿ ಇತರ ಸುಧಾರಣೆಗಳು ಅಂಗೀಕಾರವಾದರೂ ಇದು ಹೊರಗುಳಿಯಿತು. 2018ರ ಜೂನ್‌ನಲ್ಲಿ ಕೊನೆಗೂ ಒಪ್ಪಿಗೆಯಾಗಿ, 2021ರ ಜನವರಿಯಿಂದ ಬಳಕೆಗೆ ಬಂತು.

ಅದು ಹೆಚ್ಚು ದಿನ ಬಾಳಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಅದೇ ಆಯೋಗ ಮ್ಯೂಚುವಲ್ ಫಂಡ್‌ಗಳನ್ನೂ ಬಹುಪಾಲು ಇಟಿಎಫ್‌ಗಳನ್ನೂ 30ಇ-3ರ ವ್ಯಾಪ್ತಿಯಿಂದ ಹೊರಗಿಟ್ಟಿತು. ಮೂರ್ನಾಲ್ಕು ಪುಟಗಳ ಚಿಕ್ಕ ವರದಿ ತಯಾರಿಸಿ ಅದನ್ನು ಹೂಡಿಕೆದಾರರಿಗೆ ನೇರವಾಗಿ ತಲುಪಿಸಬೇಕು, ಉದ್ದದ ವಿವರಗಳು ವೆಬ್‌ಸೈಟಿನಲ್ಲಿರಲಿ ಎಂದಿತು. 2024ರ ಜುಲೈ 24ರಿಂದ ಇದನ್ನು ಪಾಲಿಸುವುದು ಕಡ್ಡಾಯವಾಯಿತು.

ಈ ತಿರುವಿನಲ್ಲಿ ಕಲಿಯುವುದಿದೆ. ಕೆನಡಾದ ವಿನಾಯಿತಿಗಳು ತೀರ್ಮಾನ ಮಾಡುವವರು ಯಾರು ಎಂದು ಕೇಳಿ ಹೊರಟಿದ್ದವು. 30ಇ-3 ಹೊರಟದ್ದು ಖರ್ಚಿನ ಪ್ರಶ್ನೆಯಿಂದ. ಖರ್ಚು ಉಳಿಸುವುದು ತಪ್ಪಲ್ಲ. ಆದರೆ ವರದಿ ಉದ್ದವಾದದ್ದೇ ತೊಡಕಾಗಿದ್ದರೆ, ಅದನ್ನು ಹೂಡಿಕೆದಾರರಿಂದ ಒಂದು ಹೆಜ್ಜೆ ದೂರ ಇಡುವುದಕ್ಕಿಂತ ಚಿಕ್ಕದು ಮಾಡಿ ಹತ್ತಿರ ತರುವುದು ಸರಿಯಾದ ದಾರಿ. ಅಮೆರಿಕ ಅಲ್ಲಿಗೆ ಬಂದು ಮುಟ್ಟಲು ಏಳು ವರ್ಷ ಬೇಕಾದವು.

ನಮ್ಮಲ್ಲಿ

ಭಾರತದಲ್ಲಿ ಸೆಬಿಯ 1996ರ ಮ್ಯೂಚುವಲ್ ಫಂಡ್ ನಿಯಮಾವಳಿಯ ಕಾಲದಿಂದ, ಮುಖ್ಯ ಮಾಹಿತಿಯ ಜ್ಞಾಪನಪತ್ರ ಜೊತೆಗಿಲ್ಲದೆ ಫಂಡಿನ ಅರ್ಜಿ ನಮೂನೆಯನ್ನು ಕೊಡುವಂತಿಲ್ಲ ಎಂಬ ಷರತ್ತಿದೆ. ಈ ಜ್ಞಾಪನಪತ್ರವನ್ನೇ ಏಜೆಂಟರು ಕೆಐಎಂ ಎನ್ನುತ್ತಾರೆ. ಕಾಗದದ ಅರ್ಜಿಯ ಕಾಲದಲ್ಲಿ ಅದು ಅರ್ಜಿಯ ಬೆನ್ನಿಗೇ ಅಂಟಿಕೊಂಡು ಬರುತ್ತಿತ್ತು. ಮೊಬೈಲ್ ಆ್ಯಪಿನಲ್ಲಿ ಅದು ಒಂದು ಕೊಂಡಿ ಮತ್ತು ‘ದಾಖಲೆಗಳನ್ನು ಓದಿ ಅರ್ಥಮಾಡಿಕೊಂಡಿದ್ದೇನೆ’ ಎಂಬರ್ಥದ ಒಂದು ಟಿಕ್ ಗುರುತಿಗೆ ಇಳಿದಿದೆ. ಕಾನೂನು ಇಲ್ಲಿ ಯಾರಿಗೂ ವಿನಾಯಿತಿ ಕೊಟ್ಟಿಲ್ಲ; ಬಳಕೆಯೇ ಕೊಟ್ಟುಕೊಂಡಿದೆ. ಕೊಂಡಿಯನ್ನು ತೆರೆಯದೆಯೇ ಗುರುತು ಹಾಕಬಹುದಾದಲ್ಲಿ, ತೀರ್ಮಾನದ ಹೊತ್ತಿಗೆ ಪತ್ರ ಕೈಯಲ್ಲಿರಬೇಕು ಎಂಬ ಮೂಲ ಉದ್ದೇಶ ಉಳಿಯುವುದು ಹೇಗೆ?

ಇನ್ನು ವಾರ್ಷಿಕ ವರದಿ. 2018ರ ಜೂನ್ 5ರ ಸುತ್ತೋಲೆಯಲ್ಲಿ ಸೆಬಿ ಕಾಗದ ಉಳಿಸುವ ಕ್ರಮಗಳನ್ನು ಪ್ರಕಟಿಸಿತು. ಇಮೇಲ್ ಕೊಟ್ಟವರಿಗೆ ವರದಿ ಅಥವಾ ಅದರ ಸಂಕ್ಷಿಪ್ತ ರೂಪ ಇಮೇಲಿನಲ್ಲಿ, ಉಳಿದವರಿಗೆ ಬೇಕೆಂದು ತಿಳಿಸಿದರೆ ಕಾಗದದಲ್ಲಿ. ಫಂಡಿನ ಪ್ರತಿ ಯೂನಿಟ್ಟಿನ ದಿನನಿತ್ಯದ ಮೌಲ್ಯವಾದ ಎನ್‌ಎವಿಯನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಕಡ್ಡಾಯವೂ ಹೋಯಿತು. ಯಾರೇ ಕೇಳಿದರೂ ಸಂಕ್ಷಿಪ್ತ ವರದಿಯ ಪ್ರತಿಯನ್ನು ಶುಲ್ಕವಿಲ್ಲದೆ ಕೊಡಬೇಕೆಂಬ ಹೊಣೆ ಕಂಪನಿಗಳ ಮೇಲೆ ಉಳಿಯಿತು. ಈ ಹಕ್ಕು ಇದೆಯೆಂದು ತಿಳಿದವರು ಕಡಿಮೆ.

ವರದಿ ವೆಬ್‌ಸೈಟಿನಲ್ಲಿದೆ ಎಂದು ಜನರಿಗೆ ತಿಳಿಸಲು ಕನಿಷ್ಠ ಎರಡು ದಿನಪತ್ರಿಕೆಗಳಲ್ಲಿ, ಒಂದು ಇಂಗ್ಲಿಷ್ ಒಂದು ಹಿಂದಿ, ಜಾಹೀರಾತು ಕೊಡಬೇಕೆಂದು ಅದೇ ಸುತ್ತೋಲೆ ಹೇಳಿತು. ಹಾಸನದಲ್ಲೋ ಶಿರಸಿಯಲ್ಲೋ ಕನ್ನಡ ಪತ್ರಿಕೆ ಮಾತ್ರ ಓದುವ ಎಸ್‌ಐಪಿದಾರರಿಗೆ ಆ ಸೂಚನೆ ತಲುಪುವ ದಾರಿ ಯಾವುದು? ಕೆಐಎಂ ಕೂಡ ಅವರಿಗೆ ಸಿಗುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲೇ. ದೇಶದ ಎಸ್‌ಐಪಿ ಹಣ 2024ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ತಿಂಗಳಿಗೆ 20 ಸಾವಿರ ಕೋಟಿ ರೂಪಾಯಿ ದಾಟಿತು. ಅದರಲ್ಲಿ ಸಣ್ಣ ಊರುಗಳ ಶಿಕ್ಷಕರು, ಅಂಗಡಿಯವರು, ನಿವೃತ್ತರ ದುಡ್ಡೂ ಇದೆ.

ಕೆನಡಾದಿಂದ ಭಾರತ ತರಬಹುದಾದ ಮೂರು ಸಂಗತಿಗಳಿಗೆ ಹೊಸ ಕಾನೂನೇ ಬೇಕೆಂದೇನಿಲ್ಲ. ಎಸ್‌ಐಪಿ ನಡೆಸುವವರಿಗೆ ವರ್ಷಕ್ಕೊಮ್ಮೆ ಒಂದು ಪುಟದ ನೆನಪೋಲೆ: ಫಂಡಿನ ಅಪಾಯದ ಮಟ್ಟ ಈಗ ಇಷ್ಟು, ಖರ್ಚು ಇಷ್ಟು, ನಿಲ್ಲಿಸಬೇಕೆಂದರೆ ಹೀಗೆ ಮಾಡಿ, ವರದಿ ಬೇಕೆಂದರೆ ಇಲ್ಲಿ ಕೇಳಿ. ವಿನಾಯಿತಿ ಕೊಟ್ಟಾಗಲೆಲ್ಲ ಯಾಕೆ ಕೊಟ್ಟೆವೆಂಬ ಕಾರಣ ಮತ್ತು ಷರತ್ತುಗಳ ಬಹಿರಂಗ ಪ್ರಕಟಣೆ. ಕೊನೆಯದು ಕ್ವಿಬೆಕ್‌ನವರು ಫ್ರೆಂಚಿಗೆ ಗಳಿಸಿಕೊಂಡದ್ದು: ಕರ್ನಾಟಕದಲ್ಲಿ ಮಾರುವ ಫಂಡಿನ ಮಾಹಿತಿಪತ್ರ, ಆರನೆಯ ತರಗತಿಯ ಮಕ್ಕಳೂ ಓದಬಲ್ಲ ಕನ್ನಡದಲ್ಲಿ, ಖರೀದಿಯ ಗುಂಡಿ ಒತ್ತುವ ಮೊದಲು ಪರದೆಯ ಮೇಲೆ ತೆರೆದುಕೊಳ್ಳಬೇಕು.